ಆಮೆ ಮೂಗೆತ್ತಿದ ಬಾವಿ

"ಅಜ್ಜಾರೇ, ಹೆದರಿಕೆಯನ್ನು ಗೆಲ್ಲುವುದು ಹೇಗೆ?" ಎಂದು ಕೊಟ್ರಯ್ಯ ಕೇಳಿದ.

ಅಜ್ಜಾರು ಎಲೆಗೆ ಸುಣ್ಣ ಸವರುತ್ತಿದ್ದರು. ಅವರು ಅಜ್ಜಾರಾದದ್ದು ಮಠದ ರೂಢಿಯಿಂದ, ವಯಸ್ಸಿನಿಂದಲ್ಲ. ಐವತ್ತು ಇನ್ನೂ ತುಂಬಿರಲಿಲ್ಲ.

"ಗೆದ್ದು ಏನು ಮಾಡುತ್ತೀ?"

"ನಿಮ್ಮ ಹಾಗಾಗುತ್ತೇನೆ."

ಸುಣ್ಣದ ಬೆರಳು ನಿಂತಿತು. "ನನ್ನ ಹಾಗೆ ಅಂದರೆ?"

"ಶ್ರಾವಣದ ಪುರಾಣದ ದಿನ ಮಠದ ಕಟ್ಟೆಗೆ ನಾಗರಹಾವು ಬಂತಲ್ಲ. ಎರಡು ತಾಸಿನಿಂದ ಪುರಾಣ ಕೇಳುತ್ತಿದ್ದ ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ನಾನೂ ಓಡಿದೆ. ನೀವು ಮಾತ್ರ ಪದ್ಮಾಸನ ಬಿಡಲಿಲ್ಲ. ಹಾವು ನಿಮ್ಮ ಮೊಣಕಾಲ ಮುಂದೆ ಹೆಡೆಯೆತ್ತಿ ನಿಂತಿತು, ನೋಡಿತು, ಹೋಯಿತು. ಆಮೇಲೂ ನೀವು ಏಳಲಿಲ್ಲ. ಇಬ್ಬರು ತೋಳು ಹಿಡಿದು ಎತ್ತಬೇಕಾಯಿತು. ಸಮಾಧಿ ಸ್ಥಿತಿ ಎಂದು ಊರಿಗೆ ಊರೇ ಅಡ್ಡಬಿತ್ತು."

ಅದು ನಡೆದದ್ದು ನಿಜ. ಆ ದಿನ ಹಾವು ಮೂರು ಮೊಳ ಇತ್ತು. ದೀಪಾವಳಿಗೆ ಆರು ಮೊಳವಾಯಿತು, ಶಿವರಾತ್ರಿಯ ಹೊತ್ತಿಗೆ ಹನ್ನೊಂದು. ಬೆಳೆಸಿದವರಲ್ಲಿ ಅಜ್ಜಾರ ಪಾಲೂ ಇತ್ತು. ಯಾರಾದರೂ ಕೇಳಿದರೆ, "ನನ್ನನ್ನೇನು ಕೇಳುತ್ತೀರಿ, ಅದನ್ನೇ ಕೇಳಿ" ಎಂದು ಕಣ್ಣು ಮುಚ್ಚಿ ನಗುತ್ತಿದ್ದರು.

ಕೊಟ್ರಯ್ಯ ಮುಂದುವರಿಸಿದ. "ಅಂದಿನಿಂದ ನಾನು ದಿನಾ ಹೊಲದ ಹುತ್ತದ ಮುಂದೆ ಕೂರುತ್ತಿದ್ದೇನೆ. ಮೊದಲು ಇಪ್ಪತ್ತು ಹೆಜ್ಜೆ ದೂರ ಕೂತೆ. ಈಗ ಒಂದು ಮಾರು. ಎರಡು ಸಲ ಅದು ಹೊರಗೆ ಬಂತು. ಎದೆ ಹೊಡೆದುಕೊಂಡಿತು, ಆದರೂ ನಿಮ್ಮನ್ನು ನೆನೆದು ಕೂತೆ. ನಾಳೆ ಹುತ್ತದ ಬಾಯಿಗೆ ಮೊಣಕಾಲು ತಾಗಿಸಿಯೇ ಕೂರುವುದು ಎಂದು ಗೊತ್ತುಮಾಡಿದ್ದೇನೆ. ಎದೆ ಹೊಡೆದುಕೊಳ್ಳದ ಹಾಗೆ ಒಂದು ಉಪಾಯ ಹೇಳಿ, ಸಾಕು."

"ಹೆಂಡತಿ ಏನಂದಳು?"

"ಅಳುತ್ತಾಳೆ. ಪಾಪ, ಆ ದಿನ ತವರಿಗೆ ಹೋಗಿದ್ದಳು. ನೀವು ಕೂತದ್ದನ್ನು ನೋಡಿಲ್ಲ."

ಅಜ್ಜಾರು ಸುಣ್ಣ ಹಚ್ಚಿದ ಎಲೆಯನ್ನು ಮಡಿಚದೆ ಪಕ್ಕಕ್ಕಿಟ್ಟರು. ಅವರ ಮುಖದಲ್ಲಿ ಸದಾ ಇರುವ ನಗು ಇರಲಿಲ್ಲ.

"ಕೂತುಕೋ. ಒಂದು ಬಾವಿಯ ಕತೆ ಇದೆ" ಎಂದರು.

ಒಬ್ಬ ರೈತನಿದ್ದ. ಅವನ ಹೊಲದಲ್ಲಿ ಒಂದು ಬಾವಿ ಇತ್ತು. ಎಂಟು ಮಾರು ಆಳ. ಹೋದ ವರ್ಷ ಈ ಕತೆ ಹೇಳುವಾಗ ಆರು ಮಾರು ಅಂದಿದ್ದೆನೇನೋ. ಇರಲಿ, ಹೇಳಿದಷ್ಟೂ ಬಾವಿ ಆಳವಾಗುತ್ತದೆ.

ಆ ಬಾವಿಯಲ್ಲಿ ಒಂದು ಆಮೆ ಇತ್ತು. ರೈತನ ತಾತ ಕೆರೆಯಿಂದ ಹಿಡಿದು ತಂದು ಬಿಟ್ಟದ್ದು. ಬಾವಿಯ ನೀರು ಕೆಡದಿರಲಿ ಎಂದು ಆಮೆ ಬಿಡುವುದು ಆ ಕಡೆಯ ರೂಢಿ. ಅದು ಸೊಳ್ಳೆಮರಿ ತಿನ್ನುತ್ತದೆ, ಹುಳ ತಿನ್ನುತ್ತದೆ, ಬಿದ್ದು ಸತ್ತ ಇಲಿ ಕಪ್ಪೆಗಳನ್ನೂ ತಿನ್ನುತ್ತದೆ. ಗುಡಿಗಳಲ್ಲಿ ಕಲ್ಲಿನಲ್ಲಿ ಕೆತ್ತಿರುತ್ತಾರಲ್ಲ, ಅಂಥ ಗಟ್ಟಿ ಬೆನ್ನಿನ ಆಮೆಯಲ್ಲ ಇದು. ಇದರ ಬೆನ್ನು ನೆನೆದ ತೊಗಲಿನ ಹಾಗೆ. ಮೂಗು ಸಣ್ಣ ಕೊಳವೆಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಹೊಟ್ಟೆಯ ಅಡಿಯಲ್ಲಿ ಎರಡು ಮುಚ್ಚಳಗಳಿರುತ್ತವೆ. ಹಿಂಗಾಲು ಒಳಗೆಳೆದುಕೊಂಡರೆ ಅವು ಬಾಗಿಲು ಹಾಕಿದಂತೆ ಮುಚ್ಚಿಕೊಳ್ಳುತ್ತವೆ. ಬೇಸಿಗೆಗೆ ಕೆರೆ ಒಣಗಿತೆನ್ನು, ಅದು ಕೆಸರಿನೊಳಗೆ ಹೂತುಕೊಂಡು, ಮುಚ್ಚಳ ಹಾಕಿಕೊಂಡು, ಮಳೆಯಾಗುವ ತನಕ ಉಣ್ಣದೆ ಬಿದ್ದಿರುತ್ತದೆ. ನೀರಿನ ತಳದಲ್ಲಿ ಕೂತರೆ ಗಂಟಲಿನಿಂದಲೇ ನೀರಿನೊಳಗಿನ ಉಸಿರನ್ನು ಹೀರುತ್ತದೆ. ಇದೆಲ್ಲ ಬಲ್ಲವರು ಹೇಳಿದ್ದು. ಇದರಲ್ಲಿ ಮಾತ್ರ ನಾನು ಕೈಯಾಡಿಸಿಲ್ಲ.

ಆ ಮನೆಯಲ್ಲಿ ತಾತ ಹೇಳಿಹೋದ ಒಂದು ಮಾತಿತ್ತು. "ಆಮೆ ಮೂಗೆತ್ತಿದ್ದು ನೋಡಿಯೇ ಬಾವಿಗಿಳಿಯಬೇಕು." ತಾತ ನೋಡಿ ಇಳಿದ. ಅಪ್ಪ ನೋಡಿ ಇಳಿದ. ವರ್ಷಕ್ಕೊಮ್ಮೆ ಹೂಳು ತೆಗೆದರು, ಯಾರಿಗೂ ಏನೂ ಆಗಲಿಲ್ಲ. ಆಮೆ ಉಸಿರಾಡುತ್ತಿದ್ದರೆ ಬಾವಿಯ ಗಾಳಿ ಒಳ್ಳೆಯದು ಎಂದು ಆ ಮನೆಯವರು ತಿಳಿದರು. ಮೂರು ತಲೆಮಾರು ನಡೆದ ಮೇಲೆ ತಿಳಿವಳಿಕೆಗೂ ಗಡ್ಡ ಬರುತ್ತದೆ. ಗಡ್ಡ ಇರುವವರನ್ನು ಯಾರೂ ಎದುರು ಕೇಳುವುದಿಲ್ಲ.

ರೈತ ಪಕ್ಕದಲ್ಲಿ ಬೋರು ಹಾಕಿಸಿದ. ಬಾವಿಯ ಬಾಯಿಗೆ ಹಲಗೆ ಮುಚ್ಚಿ ಮುಳ್ಳು ಹೇರಿದ. ಹಲಗೆಯ ಸಂದಿಯಲ್ಲಿ ಹುಣಸೆ ಎಲೆ ಉದುರಿತು, ಕೊಳೆಯಿತು. ಅದೇ ಸಂದಿಯಲ್ಲಿ ರೈತನ ಹೆಂಡತಿ ಆಮೆಗೆ ದಿನಕ್ಕೊಂದು ಹಿಡಿ ಅನ್ನ ಹಾಕಿ ಬರುತ್ತಿದ್ದಳು. ಎರಡು ವರ್ಷದ ಮೇಲೆ ಬೋರು ಕೈಕೊಟ್ಟಿತು. ಹಳೆಯ ಬಾವಿಯ ನೆನಪಾಯಿತು. ಹಲಗೆ ತೆಗೆದರು. ಮೊಣಕಾಲುದ್ದ ನೀರು, ಅದರ ಕೆಳಗೆ ಹೂಳು.

ಹೂಳು ತೆಗೆಯುವ ಒಬ್ಬ ಮುದುಕನನ್ನು ಕರೆಸಿದರು. ಅವನು ಬಂದವನೇ ಒಂದು ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ, ಬಾವಿಯೊಳಗೆ ಬಿಟ್ಟ. ಮೂರು ಮಾರು ಇಳಿಯಿತು, ಉರಿಯಿತು. ನಾಲ್ಕಕ್ಕೆ ಕುಡಿ ಸಣ್ಣದಾಯಿತು. ಐದಕ್ಕೆ ಆರಿತು. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟ. ಅಲ್ಲಿಗೇ ಹೋಗಿ ಮತ್ತೆ ಆರಿತು. ಯಾರೋ ಕೆಳಗೆ ಕೂತು ಊದುತ್ತಿದ್ದ ಹಾಗೆ.

ಮುದುಕ ಹಗ್ಗ ಸುತ್ತಿಟ್ಟು ಕಟ್ಟೆಯಿಂದ ದೂರ ಹೋಗಿ ಕೂತ.

"ಇವತ್ತು ಆಗೋದಿಲ್ಲ ಗೌಡರೇ. ಬೇವಿನ ಸೊಪ್ಪಿನ ಹೊರೆ ಕಟ್ಟಿ ಬಾವಿಯೊಳಗೆ ಬೀಸಬೇಕು. ಮೇಲಿಂದ ಕೊಡಗಟ್ಟಲೆ ನೀರು ಹುಯ್ಯಬೇಕು. ನಾಳೆ ದೀಪ ಉರಿದರೆ ಇಳಿಯುತ್ತೇನೆ."

ಸುತ್ತ ಹತ್ತಾರು ಜನ ನಿಂತಿದ್ದರು. ರೈತನಿಗೆ ನಗು ಬಂತು.

"ಏನ್ ಯಜಮಾನ, ಕೈ ನಡುಗುತ್ತಿದೆಯಲ್ಲ!"

"ನಡುಗುತ್ತದೆ. ನಲವತ್ತು ವರ್ಷದಿಂದ ನಡುಗುತ್ತಿದೆ. ಅದಕ್ಕೇ ಕೈ ಇನ್ನೂ ಇದೆ."

"ಅಲ್ಲಿ ನೋಡು, ನಮ್ಮ ಆಮೆ ಮೂಗೆತ್ತಿದೆ. ಎರಡು ವರ್ಷ ಮುಚ್ಚಿದ ಬಾವಿಯಲ್ಲಿ ಹಾಯಾಗಿದೆ. ಬೊಗಸೆಯಷ್ಟು ಪ್ರಾಣಿಗೆ ಇರುವ ಧೈರ್ಯ ನಿನಗಿಲ್ಲವೇ?"

"ಅದರ ಉಸಿರಿನ ಲೆಕ್ಕ ನನಗೆ ಗೊತ್ತಿಲ್ಲ ಗೌಡರೇ. ದೀಪದ ಲೆಕ್ಕ ಗೊತ್ತು."

"ಹಾಗಾದರೆ ನೀನು ದೀಪ ಹಿಡಿದುಕೊಂಡು ಮೇಲೇ ಇರು, ಮದುವಣಗಿತ್ತಿಗೆ ಆರತಿ ಎತ್ತುವವಳ ಹಾಗೆ" ಎಂದು ರೈತ ಪಂಚೆ ಎತ್ತಿ ಕಟ್ಟಿದ. ಜನ ನಕ್ಕರು. ಮುದುಕ ಓಡಿಬಂದು ಹಗ್ಗ ಚಾಚಿದ. "ಸೊಂಟಕ್ಕಾದರೂ ಕಟ್ಟಿಕೊಳ್ಳಿ." ರೈತ ಅದನ್ನು ಕಾಲಿನಿಂದ ಸರಿಸಿದ.

ರೈತನ ಹೆಂಡತಿ ಕೈಯಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಗೆ ಬಿಟ್ಟಳು. ಗಂಡನಿಗೆ ಬಾವಿಗೋಡೆಯ ಮೆಟ್ಟು ಕಾಣಲಿ ಎಂದು. ಕೆಳಗೆ ಬೆಳಕಿನ ಬಿಲ್ಲೆಯ ನಡುವೆ ಆಮೆಯ ಮೂಗು ಕಾಣುತ್ತಿತ್ತು.

ರೈತ ಇಳಿದ. ಎರಡನೆಯ ಮಾರಿನಲ್ಲಿ, "ತಂಪಾಗಿದೆ ಕಣ್ರೋ" ಎಂದು ಕೂಗಿದ. ನಾಲ್ಕನೆಯ ಮಾರಿನಲ್ಲಿ ಏನೋ ತಮಾಷೆ ಮಾಡಿದ, ಮೇಲಿನವರಿಗೆ ಸರಿಯಾಗಿ ಕೇಳಲಿಲ್ಲ. ಐದು ದಾಟಿದ. ಅಲ್ಲಿ ಅವನ ಕಾಲು ಮುಂದಿನ ಮೆಟ್ಟನ್ನು ಹುಡುಕಿತು. ಮೆಟ್ಟು ಅಲ್ಲೇ ಇತ್ತು. ಕಾಲಿಗೆ ಸಿಗಲಿಲ್ಲ. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳ ಗುರುತು ಸಿಗದವನ ಹಾಗೆ ನೋಡಿದ. ಕೈ ಬಿಟ್ಟ.

ದೊಡ್ಡ ಸದ್ದೇನೂ ಆಗಲಿಲ್ಲ. ನೀರು ಅಷ್ಟು ಕಡಿಮೆ ಇತ್ತು.

ಹೆಂಡತಿಯ ಕನ್ನಡಿ ಅಲುಗಿ ಬಿಸಿಲಿನ ಬಿಲ್ಲೆ ಗೋಡೆಯ ಮೇಲೆಲ್ಲ ಅಲೆದಾಡಿತು. ಆಮೇಲೆ ಅವನ ಬೆನ್ನಿನ ಮೇಲೆ ನಿಂತಿತು. ಆಮೇಲೆ ಅವನ ಚಾಚಿದ ಅಂಗೈಯ ಮೇಲೆ. ಆಮೆ ಮೂಗೆತ್ತಿ ಒಂದು ಉಸಿರು ತೆಗೆದುಕೊಂಡಿತು. ಅವಸರವಿಲ್ಲದೆ ಆ ಕೈಯ ಕಡೆ ಬಂತು. ಅನ್ನ ಹಾಕುವ ಕೈ ಎಂದುಕೊಂಡಿತೋ, ಬಿದ್ದು ಸತ್ತದ್ದು ಎಂದುಕೊಂಡಿತೋ ನಾನು ಹೇಳಲಾರೆ. ಅದಕ್ಕೆ ಎರಡೂ ಊಟವೇ.

ಕನ್ನಡಿ ಅವಳ ಕೈಯಿಂದ ಜಾರಿತು. ಬಾವಿ ಕತ್ತಲಾಯಿತು.

ರೈತನಿಗೆ ಒಬ್ಬ ತಮ್ಮನಿದ್ದ. ಅವನು ಒಂದೇ ನೆಗೆತಕ್ಕೆ ಕಟ್ಟೆ ಹತ್ತಿ ಕಾಲು ಒಳಗೆ ಇಳಿಬಿಟ್ಟ. ಮುದುಕ ಹಿಂದಿನಿಂದ ಬಂದು ಅವನ ಸೊಂಟವನ್ನು ತಬ್ಬಿಕೊಂಡ.

"ಬಿಡೋ ಮುದುಕಾ! ಕೆಳಗೆ ಬಿದ್ದಿರೋನು ನಮ್ಮಣ್ಣ!"

"ಬಿಡೋದಿಲ್ಲ."

"ಆಮೆ ಇನ್ನೂ ಉಸಿರಾಡ್ತಿದೆ, ನಾನೇ ನೋಡಿದೆ! ಗಾಳಿ ಚೆನ್ನಾಗಿದೆ, ಅಣ್ಣ ಕಾಲು ಜಾರಿ ಬಿದ್ದಿದ್ದಾನೆ, ಅಷ್ಟೇ. ಬಿಡೋ!"

ಕೇಳಿದೆಯಾ ಕೊಟ್ರಯ್ಯ? ಕಣ್ಣೆದುರು ಅಣ್ಣ ಬಿದ್ದಿದ್ದಾನೆ. ಆದರೂ ಅವನು ನೋಡಿದ್ದು ಆಮೆಯನ್ನು.

ತಮ್ಮ ಮೊಣಕೈಯಿಂದ ಗುದ್ದಿದ. ಮುದುಕನ ಎರಡು ಹಲ್ಲು ಹೋದವು. ಹಿಂದೆ ಒಂದು ಹಲ್ಲು ಅಂದಿದ್ದೆ, ಎರಡೇ ಸರಿ. "ಹೇಡಿ, ಷಂಡ" ಎಂದ. ಮುದುಕ ರಕ್ತ ನುಂಗಿ, "ಹೌದು ಮಗನೇ, ನನಗೆ ಜೀವ ಹೋಗುವಷ್ಟು ಹೆದರಿಕೆಯಾಗುತ್ತಿದೆ. ನನ್ನನ್ನು ಬಿಟ್ಟು ಹೋಗಬೇಡ" ಎಂದು ಇನ್ನೂ ಬಿಗಿಯಾಗಿ ತಬ್ಬಿದ. ಅಷ್ಟರಲ್ಲಿ ಜನಕ್ಕೂ ಬುದ್ಧಿ ಬಂತು. ನಾಲ್ವರು ಸೇರಿ ತಮ್ಮನನ್ನು ಕೆಳಗೆಳೆದರು.

ಸೊಪ್ಪಿನ ಹೊರೆ ಕಟ್ಟಿ ಬೀಸಿದರು. ಊರಿನ ಕೊಡಗಳೆಲ್ಲ ಬಂದವು, ಮೇಲಿಂದ ನೀರು ಹುಯ್ದರು. ದೀಪ ಬಿಟ್ಟರು, ಆರಿತು. ಮತ್ತೆ ಬೀಸಿದರು. ನೆತ್ತಿಯ ಬಿಸಿಲು ಇಳಿಯುವ ಹೊತ್ತಿಗೆ ದೀಪ ತಳ ಮುಟ್ಟಿ ಉರಿಯಿತು. ಆಗ ಮುದುಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಗಡಗಡ ನಡುಗುತ್ತಾ, ತಾನೇ ಇಳಿದು ರೈತನನ್ನು ಮೇಲಕ್ಕೆ ಕಳಿಸಿದ.

ಅಜ್ಜಾರು ಮಾತು ನಿಲ್ಲಿಸಿದರು.

"ಬದುಕಿದನೇ?" ಎಂದು ಕೊಟ್ರಯ್ಯ ಕೇಳಿದ.

"ಈ ಕತೆಯನ್ನು ನಾನು ಎರಡು ರೀತಿ ಹೇಳುತ್ತೇನೆ. ಮಕ್ಕಳಿಗೆ ಹೇಳುವಾಗ ಬದುಕುತ್ತಾನೆ. ನೀನು ಮಗುವೇ?"

ಕೊಟ್ರಯ್ಯ ತಲೆಯಾಡಿಸಿದ, ಅಲ್ಲ ಎಂದು.

ಮೂರನೆಯ ದಿನ ಆ ಮನೆಯ ಮುದುಕಿ, ರೈತನ ತಾಯಿ, ಬಾವಿಯ ಕಟ್ಟೆಯ ಹತ್ತಿರ ಬಂದಳು. ಕಣ್ಣು ಕಾಣದವಳು, ಮನೆಯೊಳಗೇ ಇರುವವಳು. ಗಂಡಸರು ಬಾವಿಗಿಳಿಯುವ ವಿಷಯವನ್ನು ಯಾರೂ ಅವಳ ಹತ್ತಿರ ಆಡಿದವರಲ್ಲ. "ಆಮೆ ಮೂಗೆತ್ತಿತ್ತಲ್ಲಮ್ಮ, ತಾತ ಹೇಳಿದಂತೆ ನೋಡಿಯೇ ಇಳಿದನಲ್ಲ" ಎಂದು ಕಿರಿಯ ಮಗ ಅತ್ತ. ಮುದುಕಿ ಕೈಚಾಚಿ ಅವನ ತಲೆ ತಡವಿದಳು.

"ಅಯ್ಯೋ ನನ್ನಪ್ಪಾ" ಎಂದಳು. "ಆ ಆಮೆ ಒಂದು ಸಲ ನಿಮ್ಮ ತಾತನ ಕಾಲಿನ ಹೆಬ್ಬೆರಳು ಕಚ್ಚಿ ಹಿಡಿದಿತ್ತು. ಕಚ್ಚಿದರೆ ಅದು ಬಿಡೋದಿಲ್ಲ. ಕತ್ತಲಲ್ಲಿ ತುಳಿದುಬಿಟ್ಟೀರಿ, ಎಲ್ಲಿದೆ ಅಂತ ಮೊದಲು ನೋಡಿಕೊಂಡು ಇಳೀರಿ ಅಂತ ಮಾವ ಹೇಳಿದ್ದು. ಕಾಲ್ಬೆರಳಿಗೆ ಹೇಳಿದ ಮಾತು ಕಣೋ ಅದು."

ಆಮೆಯನ್ನು ಬಕೆಟ್ಟಿನಲ್ಲಿ ಮೇಲೆ ತಂದರು. ಹೊಡೆದು ಕೊಲ್ಲಬೇಕೆಂದು ತಮ್ಮ ಕಲ್ಲೆತ್ತಿದ. ಆಮೆ ತಲೆ ಎಳೆದುಕೊಂಡಿತು, ಕಾಲು ಎಳೆದುಕೊಂಡಿತು, ಎರಡು ಮುಚ್ಚಳ ಹಾಕಿಕೊಂಡಿತು. ಹೂಳು ತೆಗೆಯುವ ಮುದುಕ ಅವನ ಕೈ ಹಿಡಿದ. "ಅದು ಯಾರಿಗೂ ಇಳಿ ಎಂದು ಹೇಳಲಿಲ್ಲವಲ್ಲ" ಎಂದ. ಆಮೇಲೆ ಅದನ್ನು ಕೆರೆಗೆ ಬಿಟ್ಟುಬಂದರು.

ಇಷ್ಟೇ ಕತೆ ಎಂದು ಅಜ್ಜಾರು ಪಕ್ಕಕ್ಕಿಟ್ಟಿದ್ದ ಎಲೆಯನ್ನು ನೋಡಿದರು. ಸುಣ್ಣ ಒಣಗಿತ್ತು.

ಕೊಟ್ರಯ್ಯ ಕೂತಲ್ಲೇ ಚಡಪಡಿಸಿದ. ಕತೆ ಅವನನ್ನು ಹೆದರಿಸಿತ್ತು. ಆದರೆ ಅವನ ಹಟ ಇನ್ನೂ ಕರಗಿರಲಿಲ್ಲ.

"ಆಮೆಯ ಸಮಾಧಾನ ಆಮೆಗೆ ಮಾತ್ರ, ಒಪ್ಪಿದೆ" ಎಂದ. "ಆದರೆ ನೀವು ಆಮೆಯಲ್ಲ ಅಜ್ಜಾರೇ, ನನ್ನ ಹಾಗೇ ಮನುಷ್ಯರು. ಹಾವು ಹೆಡೆಯೆತ್ತಿದರೂ ನೀವು ಅಲುಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಂತೂ ಸುಳ್ಳಲ್ಲವಲ್ಲ?"

ಅಜ್ಜಾರು ಅತ್ತಿತ್ತ ನೋಡಿದರು. ಹತ್ತಿರ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದರು.

"ಕೊಟ್ರಯ್ಯಾ, ಆ ದಿನ ನನ್ನ ಎರಡೂ ಕಾಲಿಗೆ ಜೋಮು ಹಿಡಿದಿತ್ತು."