ಹಲ್ಲಿ ಲೊಚಗುಟ್ಟುವುದು ಯಾಕೆ

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಎತ್ತ ಹರಿಯಬೇಕೆಂದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಕಾಲದಲ್ಲಿ ಒಂದು ಬೇಲಿಯ ಬುಡದಲ್ಲಿ ಅಕ್ಕತಂಗಿ ಇಬ್ಬರಿದ್ದರು. ಅಕ್ಕ ಓತಿಕ್ಯಾತ, ತಂಗಿ ಹಲ್ಲಿ. ಇಬ್ಬರದೂ ಒಂದೇ ಕಂದು ಬಣ್ಣ. ಒಂದೇ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಅಕ್ಕ ಹುಳ ಹಿಡಿದರೆ ದೊಡ್ಡ ಪಾಲು ತಂಗಿಗೇ. ಅಂಥ ಅಕ್ಕ!

ಒಂದು ಸಂಜೆ ಪಕ್ಕದಲ್ಲೇ ಮನುಷ್ಯರು ಮೊದಲ ಮನೆ ಕಟ್ಟಿ, ಮೊದಲ ದೀಪ ಹಚ್ಚಿದರು. ಹುಳಗಳೆಲ್ಲ ಅತ್ತ ಹಾರಿದವು. ತಂಗಿಯ ಬಾಯಲ್ಲಿ ನೀರೂರಿತು.

"ಬಾರೇ ಅಕ್ಕಾ, ಹೋಗೋಣ."

"ಕಾಲು ಉಳುಕಿದೆ ಕಣೇ, ಗೋಡೆ ಹತ್ತೋಕಾಗಲ್ಲ. ನಾಳೆ ಹೋದರಾಯ್ತು. ಇವತ್ತು ನನ್ನ ಹತ್ತಿರವೇ ಇರು."

"ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ!" ಅಂದವಳೇ ಹಲ್ಲಿ ಹೊಸ್ತಿಲು ದಾಟಿದಳು. ತಿರುಗಿ ಕೂಡ ನೋಡಲಿಲ್ಲ, ಹೊಟ್ಟೆಬಾಕಿ!

ಒಳಗೆ ಏನು ಹೇಳಲಿ, ದೀಪದ ಸುತ್ತ ಹುಳಗಳ ಸುಗ್ಗಿ! ಇದೊಂದು ತಿಂದು ಹೋಗ್ತೀನಿ ಅಂದಳು. ಇನ್ನೊಂದು ತಿಂದು ಹೋಗ್ತೀನಿ ಅಂದಳು. ತಿಂದು ತಿಂದು ತೊಲೆಯ ಸಂದಿಯಲ್ಲಿ ನಿದ್ದೆ ಹೋದಳು. ಹೀಗೇ ಒಂದು ಮಳೆಗಾಲವೇ ಕಳೆಯಿತು.

ಮಳೆ ನಿಂತ ದಿನ ಗಾಳಿ ಕಿಟಕಿಯಲ್ಲಿ ಇಣುಕಿತು. "ಏನಮ್ಮಾ, ಸುಖವಾಗಿದ್ದೀಯಾ? ಅಲ್ಲಿ ನಿನ್ನಕ್ಕ ಗೋಡೆ ಹತ್ತೋಕಾಗದೆ, ನೀನು ಹೊರಗೆ ಬಂದಿರಬಹುದು ಅಂತ ಕುಂಟಿಕೊಂಡೇ ಬೇಲಿ ಬೇಲಿ ಹುಡುಕ್ತಿದ್ದಾಳೆ. ನಿನ್ನ ಹೆಸರು ಕೂಗಿ ಕೂಗಿ ಕತ್ತೆಲ್ಲ ಕೆಂಪಾಗಿಹೋಗಿದೆ."

ಹಲ್ಲಿ ತೊಲೆಯಿಂದ ಸರ್ರನೆ ಇಳಿದಳು. ಬಾಗಿಲಿಗೆ ಓಡಿದಳು. ಆದರೆ ಇಷ್ಟು ದಿನ ನೆರಳಲ್ಲೇ ಇದ್ದು ಮೈ ಬಿಳಿಚಿಕೊಂಡು, ಚರ್ಮ ತೆಳ್ಳಗಾಗಿತ್ತು. ಬಿಸಿಲು ತಾಗಿದ್ದೇ ಚುರ್ರೆಂದಿತು. ಹಿಂದಕ್ಕೆ ಸರಿದಳು.

ಹೊತ್ತು ಮುಳುಗಿದ ಮೇಲೆ ಬೇಲಿಗೆ ಹೋದಳು. ಅವರ ಕಲ್ಲು ತಣ್ಣಗೆ ಖಾಲಿ ಬಿದ್ದಿತ್ತು. ಅಕ್ಕ ಬಿಸಿಲಿನ ಜೀವ. ಬೆಳಕು ಹೋದೊಡನೆ ಎಲ್ಲೋ ದೂರದ ಕೊಂಬೆಯಲ್ಲಿ ಎಲೆ ಮರೆಗೆ ಸೇರಿ ಮಲಗಿಬಿಟ್ಟಿದ್ದಳು.

"ಅಕ್ಕಾ... ಅಕ್ಕಾ..."

ಯಾರೂ ಓಗೊಡಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅಕ್ಕ ಹುಡುಕುವ ಹೊತ್ತಿಗೆ ತಂಗಿ ಹೊರಗೆ ಬರಲಾರಳು, ತಂಗಿ ಬರುವ ಹೊತ್ತಿಗೆ ಅಕ್ಕನಿಗೆ ನಿದ್ದೆ.

"ಕಾಲುನೋವಿನವಳನ್ನ ಒಂಟಿಯಾಗಿ ಬಿಟ್ಟು ಬಂದೆನಲ್ಲಾ!" ಹಲ್ಲಿ ಗೋಡೆಗೆ ಹೊಟ್ಟೆ ಆನಿಸಿಕೊಂಡು ಅತ್ತಳು. ಅತ್ತೂ ಅತ್ತೂ ಗಂಟಲು ಕಟ್ಟಿ ಮಾತೇ ನಿಂತುಹೋಯಿತು. ನಾಲಿಗೆ ಮಾತ್ರ ಲೊಚಗುಟ್ಟುತ್ತಲೇ ಇತ್ತು.

ಹಲ್ಲಿ ನುಡಿದರೆ ನಾವು ಶಕುನ ಅಂತೀವಿ, ಕೃಷ್ಣ ಕೃಷ್ಣ ಅಂತ ನೆಲ ಕುಟ್ಟುತ್ತೀವಿ. ನಮ್ಮ ಶಕುನ ಕಟ್ಟಿಕೊಂಡು ಅದಕ್ಕೇನಾಗಬೇಕು, ಪಾಪ! ಇವತ್ತಿಗೂ ಹಗಲೆಲ್ಲ ಬೇಲಿಯ ಮೇಲೆ ಕೆಂಪು ಕತ್ತಿನ ಓತಿಕ್ಯಾತ ತಲೆ ಎತ್ತಿ ಇಳಿಸಿ, ಎತ್ತಿ ಇಳಿಸಿ ತಂಗಿಯನ್ನು ಹುಡುಕುತ್ತದೆ. ದೀಪ ಹಚ್ಚಿದ ಮೇಲೆ ನಮ್ಮ ಗೋಡೆಯಲ್ಲಿ ಬಿಳಿಚಿದ ಹಲ್ಲಿ, ಅಕ್ಕ ಇಲ್ಲದ ಬೇಲಿಯ ಕಡೆ ಮುಖ ಮಾಡಿ, ಲೊಚ್ ಲೊಚ್ ಅನ್ನುತ್ತದೆ.