ಹರಿಗೋಲು ಇದೆ, ಹರಿಗೋಲು ಇಲ್ಲ

ಕೃಷ್ಣೆಯ ನಡುಗಡ್ಡೆಯಲ್ಲಿ ಒಂದು ಆಶ್ರಮ. ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರು ಅಲ್ಲಿಗೆ ಬರುತ್ತಾರೆ. ದಾಟಲು ಹರಿಗೋಲೊಂದೇ ದಾರಿ.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿಗೋಲು ಬಂದ್. ಅಂಥ ದಿನ ಬಂದವನು ಆಚೆ ದಡದಲ್ಲಿ ನಿಂತು ನೋಡುತ್ತಾನೆ, ತಿರುಗುತ್ತಾನೆ. ತಿರುಗಿದರೆ ಎದುರಿಗೇ ಸಾರಾಯಿ ಅಂಗಡಿ. ಅಂಥವನನ್ನು ಇನ್ನೊಮ್ಮೆ ಮನೆಯಿಂದ ಹೊರಡಿಸುವ ಕಷ್ಟ ಹೆಂಡತಿಯಾದವಳಿಗೇ ಗೊತ್ತು.

ಅದಕ್ಕೇ ಗುರುಗಳು ಶಿಷ್ಯ ಕಲ್ಮೇಶನನ್ನು ಕರೆದರು. ಗುರುಗಳನ್ನು ಆ ಕಡೆಯವರೆಲ್ಲ ಅಜ್ಜಾರು ಅನ್ನುವುದು.

“ಫೋನಿನ್ಯಾಗ ಎಲ್ಲಾರೂ ನೋಡ್ತಾರಂತಲ್ಲ, ವೆಬ್‌ಸೈಟು, ಅದನ್ನೊಂದು ಮಾಡು. ಇವತ್ತ ಹರಿಗೋಲು ಐತೋ ಇಲ್ಲೋ, ಮನಿ ಬಿಡೂಕಿಂತ ಮೊದಲ ಅವರಿಗೆ ಗೊತ್ತಾಗಬೇಕು.”

ಕಲ್ಮೇಶ ಕಂಪ್ಯೂಟರ್ ಓದಿ ಬಂದವನು. ಬುದ್ಧಿವಂತ. ಅದೇ ತಾಪತ್ರಯ ಆದದ್ದು.

ವೆಬ್‌ಸೈಟಿಗೆ ಬರಹ ಹಾಕಲು, ತಿದ್ದಲು ಒಳಗೊಂದು ವ್ಯವಸ್ಥೆ ಬೇಕು, ಸಿಎಂಎಸ್ ಅನ್ನುತ್ತಾರೆ. ಬಗೆಬಗೆಯವು ಸಿಗುತ್ತವೆ. ಕಲ್ಮೇಶ ಒಂದೊಂದನ್ನೂ ಬಿಚ್ಚಿ ನೋಡಿದ, ಊಟ ಮರೆತು ನೋಡಿದ. ಕೊನೆಗೆ ಅಜ್ಜಾರ ಮುಂದೆ ಬಂದು ಕೂತ.

“ಎರಡು ಉಳದಾವ್ರಿ ಅಜ್ಜಾರ. ಒಂದು ಸಾದಾ, ಯಾರರ ನಡಸಬಹುದು. ಇನ್ನೊಂದು ಭಾರಿ ಐತ್ರಿ. ನಾಳೆ ನಿಮ್ಮ ಪ್ರವಚನ ಹಾಕಬೇಕಂದ್ರೂ, ಹತ್ತು ಭಾಷೆ ಬೇಕಂದ್ರೂ ತಾಳ್ತೈತಿ. ಭಾರಿದ ಇರಲಿ ಅಂತ ಗಟ್ಟಿ ಮಾಡೀನಿ.”

“ಯಾರು ನಡಸವ್ರು?”

“ನಾ ಇದ್ದೀನಲ್ರಿ!”

ಅಜ್ಜಾರು “ಹೂಂ” ಅಂದರು. ಅಷ್ಟೇ.

ಆ ಆಶ್ರಮದಲ್ಲೊಂದು ರೂಢಿ. ಅಮಾವಾಸ್ಯೆ ಬಂದರೆ ಎಲ್ಲರ ಕೆಲಸವೂ ಬದಲಾಗಬೇಕು. ಅಡುಗೆಯವನು ದನದ ಕೊಟ್ಟಿಗೆಗೆ, ಕೊಟ್ಟಿಗೆಯವನು ತೋಟಕ್ಕೆ. ‘ನನ್ನ ಕೆಲಸ’ ಅನ್ನುವುದೂ ಒಂದು ನಶೆ, ಅದನ್ನೂ ಇಳಿಸಬೇಕು ಎನ್ನುವುದು ಅಜ್ಜಾರ ಹಟ. ಕಲ್ಮೇಶನೂ ವರ್ಷಗಳಿಂದ ಹೀಗೇ ತಿರುಗಿದವನು. ಆದರೂ ಕಂಪ್ಯೂಟರಿಗೆ ಈ ರೂಢಿ ತಟ್ಟದು ಅಂತ ಅದು ಹೇಗೆ ಅಂದುಕೊಂಡನೋ, ಶಿವನೇ ಬಲ್ಲ!

ಅಮಾವಾಸ್ಯೆ ಬಂತು.

“ಕಲ್ಮೇಶ ಅಡಿಗಿ ಮನಿಗೆ. ವೆಬ್‌ಸೈಟು ಫಕೀರಪ್ಪಗ,” ಅಂದರು ಅಜ್ಜಾರು.

ಫಕೀರಪ್ಪ ಲಾರಿ ಓಡಿಸುತ್ತಿದ್ದವನು. ಕುಡಿತ ಬಿಟ್ಟು ಇನ್ನೂ ತಿಂಗಳು ತುಂಬಿಲ್ಲ. ಲೋಟ ಹಿಡಿದರೆ ಅರ್ಧ ನೀರು ಅಂಗಿಯ ಮೇಲೆ.

“ಅಜ್ಜಾರ, ಅವನ ಕೈ ನಡಗತಾವ್ರಿ!”

“ಕಲಿಸು.”

ಕಲಿಸಿದ. ಇಲ್ಲಿ ಪಾಸ್‌ವರ್ಡ್ ಹಾಕು, ಅಲ್ಲಿ ಪುಟ ತೆರೆ, ತಿದ್ದು, ಉಳಿಸು, ಆಮೇಲೆ ಪಬ್ಲಿಷ್ ಒತ್ತು, ಇಲ್ಲದಿದ್ದರೆ ಹೊರಗಿನವರಿಗೆ ಕಾಣದು. ಫಕೀರಪ್ಪ ಎಲ್ಲಕ್ಕೂ “ಆಗಲಿ ಅಣ್ಣಾರ” ಅಂದ.

ಒಂದು ಬೆಳಿಗ್ಗೆ ಅಣೆಕಟ್ಟಿನ ನೀರು ಬಿಟ್ಟರು. ಹೊಳೆ ಕೆಂಪಗೆ ಏರಿತು. ಹರಿಗೋಲನ್ನು ಮೇಲೆಳೆದು ಬೋರಲು ಹಾಕಿದರು.

ಫಕೀರಪ್ಪ ಕಂಪ್ಯೂಟರ್ ಮುಂದೆ ಕೂತ. ಒಂದು ಒತ್ತಿದರೆ ಅದು ಇನ್ನೊಂದು ಕೇಳಿತು. ಬೆರಳು ಜಾರಿ ಮತ್ತೆಲ್ಲೋ ಬಿತ್ತು. ಅವನು ಬರೆದ ‘ಇಲ್ಲ’ ಒಳಗೇ ಉಳಿಯಿತು. ಹೊರಗೆ ‘ಇಂದು ಹರಿಗೋಲು ಇದೆ’ ಅಂತಲೇ ಇತ್ತು. ಪಾಪ, ಕೆಲಸ ಆಯಿತು ಅಂದುಕೊಂಡು ಎದ್ದ.

ಮಧ್ಯಾಹ್ನ ಫೋನು ಬಂತು. ಆಚೆ ದಡದಿಂದ ಶಾಂತವ್ವ ಎಂಬ ಹೆಣ್ಣುಮಗಳು.

“ಹರಿಗೋಲು ಐತಿ ಅಂತ ಬರದೀರಲ್ರಿ! ಕೈಕಾಲು ಹಿಡದು ಗಂಡನ್ನ ಕರ್ಕೊಂಡು ಬಂದೀನಿ. ಹೊಳಿ ನೋಡಿದವನ, ‘ದೇವರಿಗೂ ನಾ ಬ್ಯಾಡಾಗೀನಿ’ ಅಂದು ಅಂಗಡಿ ಹೊಕ್ಕಾನ. ನಾ ಏನ್ ಮಾಡ್ಲಿ?”

ಕಲ್ಮೇಶ ಸೌಟು ಬಿಸಾಕಿ ಓಡಿ ಬಂದ.

“ಎಷ್ಟು ಸಲ ಬಡಕೊಂಡೆ ನಿನಗ! ಪಬ್ಲಿಷ್ ಒತ್ತಬೇಕು ಅಂತ!”

ಫಕೀರಪ್ಪ ಅಜ್ಜಾರ ಕಾಲ ಮೇಲೆ ಬಿದ್ದು ಅತ್ತ.

“ನನ್ನಿಂದ ಒಂದು ಮನಿ ಹಾಳಾತ್ರಿ. ನೀರು ಇಳಿದ ಕೂಡ್ಲೆ ನನ್ನ ದಾಟಸ್ರಿ. ನಾನೂ ಆ ಅಂಗಡ್ಯಾಗ ಹೋಗಿ ಕುಂದರ್ತೀನಿ.”

ಅಜ್ಜಾರು ಅವನನ್ನು ಎಬ್ಬಿಸಲಿಲ್ಲ. ತಾವೂ ಪಕ್ಕದಲ್ಲಿ ನೆಲಕ್ಕೇ ಕೂತರು. ಆಮೇಲೆ ಕಲ್ಮೇಶನ ಕಡೆ ನೋಡಿದರು.

“ಇವನ ತಪ್ಪು ಹೇಳಿದಿ. ಇನ್ನೊಂದು ಹೇಳೂದು ಉಳದೈತಿ.”

ಕಲ್ಮೇಶನ ಸಿಟ್ಟು ಇಳಿಯಿತು. ನಾಚಿಕೆಯಾಯಿತು.

“ಆ ತಪ್ಪು ನಂದೈತ್ರಿ. ಆ ಭಾರಿದನ್ನ ನಡಸವ್ರ ಸಲುವಾಗಿ ಆರಿಸಲಿಲ್ಲ, ನನ್ನ ಸಲುವಾಗಿ ಆರಿಸಿದೆ.”

“ಮತ್ತ?”

“ಕಿತ್ತು ಹಾಕ್ತೀನಿ.”

ಅಂದವನು ಅಂದಂತೆ ಮಾಡಿದ. ಪ್ರೀತಿಯಿಂದ ಕಟ್ಟಿದ್ದನ್ನೆಲ್ಲ ಅಳಿಸಿದ, ಹಿಂದೆಮುಂದೆ ನೋಡಲಿಲ್ಲ. ಸಂಜೆಯೊಳಗೆ ಆ ಸಾದಾ ವ್ಯವಸ್ಥೆಯನ್ನೇ ತಂದ. ಒಂದೇ ಪುಟ, ಎರಡೇ ಗುಂಡಿ: ಇದೆ, ಇಲ್ಲ. ಫಕೀರಪ್ಪನನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡ.

“ಒತ್ತು.”

“ನನ್ನ ಕೈಲೆ ಆಗೂದಿಲ್ಲ ಅಣ್ಣಾರ.”

“ಆಗೂತನಕ ನಾ ಏಳೂದಿಲ್ಲ.”

ಬೆರಳು ಜಾರಿದಾಗಲೆಲ್ಲ ಕಲ್ಮೇಶ ಗುಂಡಿಯನ್ನು ದೊಡ್ಡದು ಮಾಡಿದ, ಎರಡರ ನಡುವೆ ಇನ್ನಷ್ಟು ಜಾಗ ಬಿಟ್ಟ. ಬೈಯಲಿಲ್ಲ. ಕೊನೆಗೆ ಫಕೀರಪ್ಪ ಒತ್ತಿದ್ದು ಸರಿಯಾಗಿ ಬಿತ್ತು. ಶಾಂತವ್ವನ ಫೋನಿನಲ್ಲಿ ‘ಹರಿಗೋಲು ಇಲ್ಲ’ ಅಂತ ಬಂತು.

“ಕಂಡತ್ರಿ,” ಅಂದಳು ಆಕೆ, ಮತ್ತೆ ಫೋನು ಮಾಡಿ. “ಖಬರಿಲ್ಲದ ಬಿದ್ದಾನ ನನ್ನ ಗಂಡ. ಇಲ್ಲೇ ಅಕ್ಕನ ಊರಾಗ ಇರ್ತೀವಿ. ನಾ ಬಿಡೂದಿಲ್ಲ. ‘ಇದೆ’ ಅಂತ ಬಂದ ದಿನ ಮತ್ತ ಕರ್ಕೊಂಡು ಬರ್ತೀನಿ.”

ಅಂದಿನಿಂದ ಫಕೀರಪ್ಪ ದಾಟಿಸಿ ಅಂತ ಕೇಳಲಿಲ್ಲ. ಎದ್ದ ಕೂಡಲೇ ಹೊಳೆಗೆ ಹೋಗುವನು, ನೀರು ನೋಡುವನು, ಬಂದು ‘ಇಲ್ಲ’ ಒತ್ತುವನು. ನೀರು ಇಳಿದ ದಿನ ‘ಇದೆ’ ಒತ್ತಿ, ಹೋಗಿ ದಡದಲ್ಲಿ ನಿಂತ.

ಹರಿಗೋಲು ಬಂತು. ಅದರಲ್ಲಿ ಶಾಂತವ್ವ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಅವಳ ಗಂಡ. ಫಕೀರಪ್ಪ ಮೊಣಕಾಲುದ್ದ ನೀರಿಗಿಳಿದು ಅವನ ಕೈ ಹಿಡಿದುಕೊಂಡ.

ಕಲ್ಮೇಶನಿಗೆ ಒಂದು ಮಾತು ಇನ್ನೂ ಕೊರೆಯುತ್ತಿತ್ತು.

“ಅಜ್ಜಾರ, ಆಶ್ರಮದಾಗ ಗಟ್ಟಿ ಕೈಯವರು ಭಾಳ ಮಂದಿ ಇದ್ರು. ಇಂಥಾ ಕೆಲಸ ಫಕೀರಪ್ಪಗ ಯಾಕ ಕೊಟ್ರಿ?”

ಅಜ್ಜಾರು ಆಚೆ ದಡದ ಕಡೆ ನೋಡಿದರು.

“ಅಲ್ಲಿ ಬಂದು ನಿಂತವನ ಕೈನೂ ನಡಗತಿರತೈತಿ, ತಮ್ಮಾ. ಗಟ್ಟಿ ಕೈಯವರಿಗೆ ಅದು ನೆನಪಿರೂದಿಲ್ಲ.”