ಆನೆಯ ಅರ್ಧ ಜಾಮೀನು

ಕಾಳ್ಗಿಚ್ಚಿನಲ್ಲಿ ಕಾಡಿನ ಒಂದು ಮಗ್ಗುಲು ಸುಟ್ಟುಹೋದ ಮೇಲೆ, ಕೊಟ್ಟದ್ದು ಹಿಂತಿರುಗುವುದಿಲ್ಲವೆಂಬ ಭಯದಿಂದ ಇರುವೆಗಳು ಅಳಿಲಿಗೆ ಕಾಳು ಸಾಲ ಕೊಡುವುದನ್ನು ನಿಲ್ಲಿಸಿಬಿಟ್ಟವು. ಅಳಿಲು ಆ ಕಾಳನ್ನೇ ಗುಬ್ಬಿಗಳಿಗೆ ಸಾಲ ಕೊಡುತ್ತಿತ್ತು. ಅದು ನಿಂತರೆ ಗೂಡುಗಳಲ್ಲಿ ಮರಿಗಳಿಗೆ ಉಪವಾಸವೇ ಗತಿ. ಆಗ ಕಾಡನ್ನು ಆಳುತ್ತಿದ್ದ ಹೆಣ್ಣಾನೆ, "ಅಳಿಲು ತೀರಿಸದಿದ್ದರೆ ನಾನು ತೀರಿಸುತ್ತೇನೆ. ಈ ಮಾತು ಮೂರು ತಿಂಗಳಿಗೆ" ಎಂದು ಜಾಮೀನು ನಿಂತಳು. ಕಾಳಿನ ವ್ಯವಹಾರ ಮತ್ತೆ ಶುರುವಾಯಿತು.

ಗಡುವು ಮುಗಿಯುವ ದಿನ ಅಳಿಲು ಬಂದು ಕೈಮುಗಿಯಿತು. "ಇನ್ನೂ ಮೂರು ತಿಂಗಳು ನಿಲ್ಲಬೇಕು, ಅಮ್ಮಾವರೇ. ಹುಲ್ಲು ತೆನೆ ಕಟ್ಟಿಲ್ಲ."

ಅದು ನಿಜವೆಂದು ಆನೆಗೂ ಗೊತ್ತಿತ್ತು. ಅವಳು ಇರುವೆಗಳ ಯಜಮಾನಿಯನ್ನು ಕರೆಸಿ, "ಅಳಿಲಿನ ಪೊಟರೆಯಲ್ಲಿ ದಾಸ್ತಾನು ಹೇಗಿದೆ?" ಎಂದು ಕೇಳಿದಳು.

"ತಾವು ಜಾಮೀನು ಇರುವಾಗ ಅಷ್ಟೆತ್ತರ ಹತ್ತಿ ನಾವೇಕೆ ನೋಡೋಣ?" ಎಂದಳು ಯಜಮಾನಿ.

ಆನೆಗೆ ಆ ಉತ್ತರ ಹಿಡಿಸಲಿಲ್ಲ. ಒಲ್ಲೆನೆಂದರೆ ಮರಿಗಳು ಸಾಯುತ್ತವೆ. ಹೂಂ ಎಂದರೆ ಇವರಿಬ್ಬರೂ ತನ್ನ ಬೆನ್ನಿನಿಂದ ಇಳಿಯುವುದೇ ಇಲ್ಲ.

"ನಿಲ್ಲುತ್ತೇನೆ. ಆದರೆ ಇನ್ನು ಮುಂದೆ ಕೊಡುವುದರಲ್ಲಿ ಅರ್ಧಕ್ಕೆ ಮಾತ್ರ. ಉಳಿದರ್ಧ ಮುಳುಗಿದರೆ ನಷ್ಟ ನಿಮ್ಮದು, ಯಜಮಾನಿ."

"ಅರ್ಧವೇ!" ಅಳಿಲು ಬಾಲ ಕೊಡವಿತು. "ಅಮ್ಮಾವರಿಗೆ ನನ್ನ ಮೇಲೆ ನಂಬಿಕೆ ಇಲ್ಲವೇ?"

"ನನಗಿದ್ದು ಏನು ಬಂತು? ಕಾಳು ಕೊಡುವವರಿಗೆ ಇರಬೇಕು."

ಯಜಮಾನಿ ಅಳಿಲಿನ ಮರ ಹತ್ತತೊಡಗಿದಳು. ಅಳಿಲು ಅವಳಿಗಿಂತ ಮುಂಚೆ ಪೊಟರೆ ಸೇರಿ, ಹುಳ ಹಿಡಿದ ಕಾಳನ್ನು ಆರಿಸಿ ಹೊರಗೆಸೆಯಲು ಶುರುಮಾಡಿತು.